ಏಳನೆಯ ಕುಳಿಯ ಕೂಗು

ಡಿಸೆಂಬರ್ ೭, ರವಿವಾರ. ಬಾದಾಮಿಯಿಂದ ಬಂದ ಮೇಲೆ

ಇಂಗ್ಲಿಷಿನಲ್ಲಿ ಬರೆಯೋಣವೆಂದು ಕೂತೆ. ಎರಡು ಸಾಲು ಆಗುವಷ್ಟರಲ್ಲಿ ಶಾಲೆಯ ಕಾಂಪೊಸಿಷನ್ ಆಗಿಬಿಟ್ಟಿತು. ಕೆಂಪು ಪೆನ್ನು ಹಿಡಿದು ಸಿಸ್ಟರ್ ಬಂದು ನಿಲ್ಲುತ್ತಾರೇನೋ ಅನ್ನಿಸಿತು. ಆ ಹಾಳೆ ಹರಿದೆ. ಇಷ್ಟು ಸಂತೋಷವನ್ನು ಮನೆಯ ಮಾತಿನಲ್ಲೇ ಬರೆಯಬೇಕು.

ಪ್ರಭು. ಪ್ರಭು. ಪ್ರಭು. ಅತ್ತೆಯವರ ಮುಂದೆ ಹೆಸರು ಹಿಡಿದು ಕರೆಯುವ ಹಾಗಿಲ್ಲ. ಇಲ್ಲಿ ಎಷ್ಟು ಸಲ ಬರೆದರೂ ಕೇಳುವವರಿಲ್ಲ.

ಉಗುರಿನ ಸಂದಿಯ ಅರಿಶಿಣ ಇನ್ನೂ ಹೋಗಿಲ್ಲ. ಇಳಕಲ್ಲಿನ ಸೀರೆ ಅಂಗಡಿಯವರ ಮಗಳು ಶ್ರುತಿ, ಸಕ್ಕರೆ ಕಾರ್ಖಾನೆಯ ಡೆಪ್ಯುಟಿ ಮ್ಯಾನೇಜರ್ ಸಾಹೇಬರ ಹೆಂಡತಿಯಾಗಿ ಇವತ್ತು ಮೇಣಬಸದಿಯ ಗುಹೆಗಳ ಮೆಟ್ಟಿಲು ಹತ್ತಿದಳು. ಕೋತಿಯೊಂದು ನನ್ನ ಮುಡಿಯ ಹೂವನ್ನೇ ಕಿತ್ತುಕೊಂಡು ಹೋಯಿತು. ಅದಕ್ಕೂ ನಗು ಬಂತು. ಎಲ್ಲದಕ್ಕೂ ನಗು ಬರುತ್ತಿದೆ.

ಮೂರನೆಯ ಗುಹೆಯ ಬಾಗಿಲಲ್ಲಿ ನನ್ನನ್ನು ಕಂಬಕ್ಕೆ ಒರಗಿಸಿ ಪ್ರಭು ಫೋಟೊ ತೆಗೆಯಲು ನಿಂತರು. ಬೆಳಕು ಸರಿಯಿಲ್ಲ, ಸೆರಗು ಸರಿಯಿಲ್ಲ, ಗದ್ದ ಸ್ವಲ್ಪ ಈ ಕಡೆ. ಹಿಂದೆ ಒಂದು ಇಡೀ ಶಾಲೆಯ ಮಕ್ಕಳು ಸಾಲುಗಟ್ಟಿ ನಿಂತುಬಿಟ್ಟರು. ಅವರ ಮೇಷ್ಟ್ರು ಮೆಲ್ಲಗೆ ಬಂದು, ಹುಡುಗರು ಬಿಸಿಲಲ್ಲಿ ನಿಂತಿದ್ದಾರೆ ಎಂದು ಹೇಳಿದರು. ಪ್ರಭು ತಿರುಗಿ ಕೂಡ ನೋಡಲಿಲ್ಲ. "ನಿಂದರಲಿ ಬಿಡ್ರಿ. ಛಲೋ ಕೆಲಸಕ್ಕ ಹೊತ್ತು ಹಿಡೀತೈತಿ" ಅಂದರು. ನನಗಾಗಿ ಜಗತ್ತನ್ನೇ ಬಿಸಿಲಲ್ಲಿ ನಿಲ್ಲಿಸಬಲ್ಲ ಗಂಡ. ನಾನು ಅಲ್ಲೇ ಕರಗಿಹೋದೆ.

ಇನ್ನೊಂದು ಸಂತೋಷ. ಮಾರ್ಚಿನಲ್ಲಿ ಕಾರ್ಖಾನೆಯ ಕಾಲನಿಯಲ್ಲಿ ಒಂದು ಕ್ವಾರ್ಟರ್ಸ್ ಖಾಲಿಯಾಗುತ್ತದಂತೆ. ಪ್ರಭುವಿಗೇ ಸಿಗುವುದು ಬಹುತೇಕ ಖಚಿತ. ನವನಗರದ ಮನೆಯಲ್ಲಿ ಅತ್ತೆ, ಇಬ್ಬರು ನೆಗೆಣ್ಣಿಯರು, ಅವರ ಮಕ್ಕಳು. ಅಡುಗೆಮನೆಯಲ್ಲಿ ನನ್ನದೆಂದು ಒಂದು ಕಪ್ಪು ಇಡಲೂ ಜಾಗವಿಲ್ಲ. ಕಾಲನಿಯ ಮನೆಯ ಅಡುಗೆಮನೆಗೆ ದೊಡ್ಡ ಕಿಟಕಿ ಇದೆಯಂತೆ. ಗುಳೇದಗುಡ್ಡದ ಹಾದಿಯಲ್ಲಿ ವಾಪಸು ಬರುವಾಗ ಗಾಡಿ ನಿಲ್ಲಿಸಿ ಎಂದು ಹಟ ಮಾಡಿ ಖಣದ ಬಟ್ಟೆ ತೆಗೆದುಕೊಂಡೆ. ಕುಬಸಕ್ಕಲ್ಲ, ಆ ಕಿಟಕಿಯ ಪರದೆಗೆ. ಅಂಗಡಿಯವರು ಬೆರಗಾಗಿ ನೋಡಿದರು. ಮನೆ ಇನ್ನೂ ಕಂಡಿಲ್ಲ, ಪರದೆ ಬಂತು.

ಡಿಸೆಂಬರ್ ೧೪, ರವಿವಾರ. ಬಾಗಲಕೋಟೆ

ಇವತ್ತು ಗಾಲ್ಫ್ ನೋಡಿದೆ. ಟಿವಿಯಲ್ಲಿ ಕಂಡ ಹಸಿರು ದಿಬ್ಬಗಳನ್ನು ನೆನೆದುಕೊಂಡು ಹೋಗಿದ್ದೆ. ಕಾರ್ಖಾನೆಯ ಹಿಂದೆ, ಶಿರೂರಿನ ಕಡೆಗೆ, ಇರುವುದು ಕೆಂಪು ನೆಲ, ಒಣಹುಲ್ಲು, ಜಾಲಿ. ಹಿಂದಿನ ಮಾಲೀಕರೊಬ್ಬರಿಗೆ ಈ ಆಟದ ಹುಚ್ಚಿತ್ತಂತೆ, ಒಂಬತ್ತು ಕುಳಿಯ ಮೈದಾನ ಮಾಡಿಸಿ ಹೋದರು. ದೂರದಿಂದ ಚೆಂಡು ಹೊಡೆಯುತ್ತ ಹೊಡೆಯುತ್ತ ಕುಳಿಗೆ ಬೀಳಿಸಬೇಕು, ಆಮೇಲೆ ಮುಂದಿನ ಕುಳಿ. ಬೇರೆ ಊರುಗಳಲ್ಲಿ ಕುಳಿಯ ಸುತ್ತ ಮೆತ್ತನೆಯ ಹುಲ್ಲು ಇರುತ್ತದೆ, ಅದಕ್ಕೆ ಗ್ರೀನ್ ಎಂದು ಹೆಸರು. ಇಲ್ಲಿ ನೀರೆಲ್ಲಿದೆ? ಸುಟ್ಟ ಎಣ್ಣೆ ಕಲಸಿದ ಮರಳನ್ನು ದುಂಡಗೆ ಹರಡಿದ್ದಾರೆ. ಅದು ಬ್ರೌನ್.

ಬ್ರೌನಿನದೊಂದು ಪದ್ಧತಿ ಇದೆ, ನನಗೆ ತುಂಬ ಹಿಡಿಸಿತು. ಪಕ್ಕದಲ್ಲಿ ಹಗ್ಗ ಕಟ್ಟಿದ ದಪ್ಪ ಚಾಪೆಯೊಂದು ಬಿದ್ದಿರುತ್ತದೆ. ಆಡಿ ಮುಗಿಸಿದವರು ಅದನ್ನು ಮರಳಿನ ಮೇಲೆ ಸುತ್ತ ಎಳೆದು, ತಮ್ಮ ಹೆಜ್ಜೆ ಅಳಿಸಿ, ಹಿಂದೆ ಬರುವವರಿಗೆ ಸಪಾಟು ಮಾಡಿಟ್ಟು ಹೋಗಬೇಕು. ಇನ್ನೊಂದು, ಚೆಂಡು ಯಾರ ಕಡೆಗಾದರೂ ಹಾರಿದರೆ ಟಿವಿಯಲ್ಲಿ 'ಫೋರ್' ಎಂದು ಕೂಗುತ್ತಾರಲ್ಲ, ಇಲ್ಲಿ ಹಾಗೆ ಕೂಗಿದರೆ ಕುರಿ ಕಾಯುವವರಿಗೆ ತಿಳಿಯುವುದಿಲ್ಲ. ಅದಕ್ಕೆ ಎಲ್ಲರೂ 'ಹುಷಾರ್' ಎಂದೇ ಕೂಗುವುದು.

ನಾವು ಹೋದಾಗ ಕ್ಲಬ್ಬಿನ ಕಟ್ಟೆಯ ಮೇಲೆ ನಾಲ್ವರು ಚಹಾ ಕುಡಿಯುತ್ತಿದ್ದರು. ನಮ್ಮನ್ನು ಕಂಡ ಕೂಡಲೇ ಕಪ್ಪು ಬಿಟ್ಟು ಎದ್ದು ಗಡಬಡಿಸಿ ಮೊದಲ ಕುಳಿಯ ಕಡೆ ಹೋದರು. ಇನ್ನಿಬ್ಬರು ಕಾರು ಹತ್ತಿ ಮನೆಗೇ ಹೋಗಿಬಿಟ್ಟರು. ಹೊಸ ಜೋಡಿಗೆ ಮೈದಾನ ಬಿಟ್ಟುಕೊಡಬೇಕೆಂಬ ಈ ಸೂಕ್ಷ್ಮ ಎಷ್ಟು ಜನರಿಗೆ ಇರುತ್ತದೆ?

ಪ್ರಭು ಹೊಡೆಯುವುದನ್ನು ನೋಡುವುದೇ ಒಂದು ಹಬ್ಬ. ಚೆಂಡಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ದಾರಿ ನೋಡುತ್ತಾರೆ. ಚಿಟಿಕೆ ಮಣ್ಣು ಬಿಟ್ಟು ಗಾಳಿ ಯಾವ ಕಡೆ ಎಂದು ತಿಳಿಯುತ್ತಾರೆ. ಕೈಗವಸು ಬಿಚ್ಚಿ ಮತ್ತೆ ಹಾಕುತ್ತಾರೆ. ಗಾಳಿಯಲ್ಲಿ ಕೋಲು ಬೀಸಿ ನೋಡಿ, ಒಪ್ಪದೆ, ಬೇರೆ ಕೋಲು ಕೇಳುತ್ತಾರೆ. ಕೊಡುವವಳು ನಾನು. ಕೋಲಿನ ಗಾಡಿ ಎಳೆಯುವವಳೂ ನಾನೇ. ಚಾಪೆ ಎಳೆಯುವುದು ಮರೆತು ಅವರು ಮುಂದೆ ಹೋದರೆ ನಾನು ಓಡಿ ಎಳೆದು ಬರುತ್ತೇನೆ. ಅವರ ಹೆಜ್ಜೆ ಅಳಿಸುವಾಗ ಅಯ್ಯೋ ಅನ್ನಿಸುತ್ತದೆ, ಒಂದಾದರೂ ಉಳಿಸಿಕೊಳ್ಳೋಣ ಅನ್ನಿಸುತ್ತದೆ. ಹುಚ್ಚಿ ನಾನು.

ನಮ್ಮ ಹಿಂದೆ ಇದ್ದವರು ಕ್ಲಬ್ಬಿನ ಕ್ಯಾಪ್ಟನ್ ಲಾಡಸಾಬ ಸರ್ ಮಾತ್ರ, ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ಪಾಪ, ಕೊಡೆ ಬಿಚ್ಚಿಕೊಂಡು ಪ್ರತಿ ಕುಳಿಗೂ ಕಾಯುತ್ತ ನಿಂತಿದ್ದರು. ನಾನು ಕೈ ಬೀಸಿದೆ. ಅವರು ಎರಡೂ ಕೈ ಮೇಲೆತ್ತಿದರು. ಎಷ್ಟು ಪ್ರೀತಿಯ ಮನುಷ್ಯ.

ಡಿಸೆಂಬರ್ ೨೮, ರವಿವಾರ

ನನಗೊಬ್ಬ ಅಕ್ಕ ಸಿಕ್ಕಿದ್ದಾರೆ. ಗೀತಾಂಜಲಿ ಮೇಡಂ, ಕಾರ್ಖಾನೆಯ ಲ್ಯಾಬಿನ ಮುಖ್ಯಸ್ಥೆ. ಕಬ್ಬಿನ ಹಾಲಿನಲ್ಲಿ ಎಷ್ಟು ಸಿಹಿ ಇದೆಯೆಂದು ಕೊಳವೆಯೊಂದಕ್ಕೆ ಕಣ್ಣಿಟ್ಟು ನೋಡಿ ಹೇಳುತ್ತಾರಂತೆ. ಗಂಡ ಸಿದ್ದಾರ್ಥ ಕಾಲೇಜಿನಲ್ಲಿ ಕಲಿಸುತ್ತಾರೆ. ಇಬ್ಬರೂ ಗಾಳಿಯ ಹಾಗೆ ಆಡುತ್ತ ಬಂದು ನಾಲ್ಕನೆಯ ಕುಳಿಯಲ್ಲಿ ನಮ್ಮ ಹಿಂದೆ ನಿಂತರು. ಪ್ರಭು ಫೋನಿನಲ್ಲಿದ್ದರು. ಸುಮ್ಮನೆ ನಿಲ್ಲುವ ಬದಲು ಮೇಡಂ ನನ್ನ ಹತ್ತಿರ ಬಂದು, ತಮ್ಮ ಚೀಲದಿಂದ ಹಳೆಯ ಕೈಗವಸು ತೆಗೆದು ನನ್ನ ಎಡಗೈಗೆ ಹಾಕಿ, ಕೋಲು ಹಿಡಿಸಿದರು.

"ರೊಟ್ಟಿ ಬಡಿಯೂ ಮುಂದ ಹಿಟ್ಟಿನ ಮ್ಯಾಲೆ ಕೈ ಹೆಂಗಿಡ್ತಿ? ಹಂಗ. ಗಟ್ಟಿ ಹಿಡದಿ ಅಂದ್ರ ಹರೀತೈತಿ" ಅಂದರು.

ನನ್ನ ಚೆಂಡು ನಿಜವಾಗಿ ಹಾರಿತು. ನಾನೂ ಹಾರಿದೆ. ಮೇಡಂ ಅನ್ನಬೇಡ, ಅಕ್ಕ ಅನ್ನು, ಕೈಗವಸು ನಿನಗೇ ಇರಲಿ ಅಂದರು. ಆಟದ ರೀತಿನೀತಿಯನ್ನೂ ಹೇಳಿಕೊಟ್ಟರು. ನಿಧಾನ ಆಡುವವರು ಬದಿಗೆ ಸರಿದು ಕೈ ಎತ್ತಿದರೆ ಹಿಂದಿನವರು ದಾಟಿ ಹೋಗುತ್ತಾರೆ, ಯಾರಿಗೂ ತೊಂದರೆಯಿಲ್ಲ. ಕಾರಿನಲ್ಲಿ ಪ್ರಭುವಿಗೆ ಇದನ್ನೇ ಹೇಳಿದೆ. "ಕೈ ಎತ್ತೂದು ಸಾಲ್ಯಾಗ. ಇಲ್ಲಿ ಮುಂದಿದ್ದಾಂವ ಮುಂದ" ಅಂದರು. ಎಂಥ ಮಾತು ಹೊಳೆಯುತ್ತದೆ ಅವರಿಗೆ.

ಮನೆಗೆ ಬಂದ ಮೇಲೆ ಒಂದು ಸಣ್ಣ ಬೇಸರ. ಕೈಗವಸು ಯಾರದೆಂದು ಅತ್ತೆ ಕೇಳಿದರು. ಹೇಳಿದೆ. ಯಾವ ಊರು, ಯಾವ ಓಣಿಯವರು ಎಂದು ಕೇಳಿದರು. ನನಗೆ ಗೊತ್ತಿದ್ದಷ್ಟು ಹೇಳಿದೆ. ಅದನ್ನು ಒಳಗೆ ತರಬೇಡ, ಹೊರಗೆ ಚಪ್ಪಲಿಯ ಹತ್ತಿರ ಇಡು ಅಂದರು. ಯಾಕೆ ಎನ್ನುವುದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದ ಮೇಲೆ ಮುಖ ಬಿಸಿಯಾಯಿತು. ಹೂಂ ಎಂದು ಹೇಳಿ, ಕಪಾಟಿನಲ್ಲಿ ನನ್ನ ಧಾರೆ ಸೀರೆಯ ಮಡಿಕೆಯೊಳಗೇ ಇಟ್ಟಿದ್ದೇನೆ. ಇರಲಿ ಅಲ್ಲೇ.

ಜನವರಿ ೧೫, ಗುರುವಾರ

ಸಂಕ್ರಾಂತಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ. ನಾನು ಮಾಡಿದ ಪಲ್ಯಕ್ಕೆ ದೊಡ್ಡ ನೆಗೆಣ್ಣಿ ನನ್ನೆದುರಿಗೇ ಮತ್ತೆ ಉಪ್ಪು ಹಾಕಿದಳು.

ನಮ್ಮಲ್ಲಿ ಗಂಡಸರದು ಆದ ಮೇಲೆ ಹೆಂಗಸರ ಊಟ. ಭಾವಂದಿರು ಬೇಗ ಎದ್ದರು. ಪ್ರಭು ಮೊಬೈಲ್ ನೋಡುತ್ತ ಉಣ್ಣುತ್ತಿದ್ದರು. ನಾವು ನಾಲ್ವರು ಗೋಡೆಗೆ ಒರಗಿ ನಿಂತೆವು. "ನನ್ನ ಮಗಾ ತಾಟಿಗೆ ಕುಂತ್ರ ಎತ್ತು ಮೇದಂಗ. ಹಸಿವು ಇದ್ದಾಕಿ ಅಂವನ ಕೂಡ ಲಗ್ನ ಆಗಬಾರದು" ಎಂದು ಅತ್ತೆ ನಗೆಯಾಡಿದರು. ಎಲ್ಲರೂ ನಕ್ಕೆವು. ನನಗೆ ನಿಜವಾಗಿ ಹಸಿವಾಗಿತ್ತು.

ಇರಲಿ, ಮಾರ್ಚಿನ ತನಕ. ಜನರಲ್ ಮ್ಯಾನೇಜರ್ ಸಾಹೇಬರು ಪ್ರಭುವನ್ನು ಕರೆದು ಹೇಳಿದ್ದಾರೆ: ಕ್ವಾರ್ಟರ್ಸಿಗೆ ನಿನ್ನದೇ ಹೆಸರು ಮೊದಲಿದೆ, ಆದರೆ ಕಂಪನಿ ಈಗ ಸುರಕ್ಷತೆಯ ವಿಷಯದಲ್ಲಿ ಭಾಳ ಕಟ್ಟುನಿಟ್ಟು, ನಿನ್ನ ಮೇಲೆ ಒಂದೂ ದೂರು ಬರಬಾರದು. ಪ್ರಭುವಿನ ಮೇಲೆ ಯಾರು ದೂರು ಕೊಡುತ್ತಾರೆ? ಪರದೆಗೆ ಅಂಚು ಹೊಲಿಯುತ್ತಿದ್ದೇನೆ.

ಜನವರಿ ೨೫, ರವಿವಾರ

ಐದನೆಯ ಕುಳಿಯ ಹತ್ತಿರ ಲಾಡಸಾಬ ಸರ್ ನಡೆದು ಬಂದು, ನಮ್ಮನ್ನು ಸ್ವಲ್ಪ ಮುಂದೆ ಬಿಡಿ ಎಂದು ಕೇಳಿದರು. "ನಡದ್ರ ನೋಯಂಗಿಲ್ರಿ ಈ ಮೊಣಕಾಲು. ನಿಂತ್ರ ನೋಯ್ತಾವ" ಅಂದರು.

"ಕುಂದರ್ರಿ ಹಂಗಾರ" ಅಂದರು ಪ್ರಭು.

ಅವರು ನಿಜವಾಗಿಯೂ ಕೂತರು. ಕೊಡೆಯನ್ನು ಊರಿ, ಕೆಂಪು ಮಣ್ಣಿನ ಮೇಲೆ, ಬಿಳಿ ಪ್ಯಾಂಟಿನಲ್ಲಿ. ನಾನು ಕೋಲುಗಳನ್ನು ಎಣಿಸುವವಳ ಹಾಗೆ ಚೀಲದೊಳಗೆ ಮುಖ ಹಾಕಿದೆ. ಪ್ರಭು ತಮಾಷೆಗೆ ಅಂದದ್ದು, ಅವರಿಗೆ ತಿಳಿಯಲಿಲ್ಲ. ಪ್ರಭುವಿನ ತಮಾಷೆ ಎಲ್ಲರಿಗೂ ತಿಳಿಯುವಂಥದ್ದಲ್ಲ.

ಗೀತಾಂಜಲಿ ಅಕ್ಕ ಆಮೇಲೆ ಚಹಾ ಕುಡಿಯುವಾಗ ನನ್ನನ್ನು ಏನೂ ಕೇಳಲಿಲ್ಲ. ತಮ್ಮ ತಟ್ಟೆಯ ಮಿರ್ಚಿ ಬಜಿ ನನಗೆ ಕೊಟ್ಟರು. ಕಟ್ಟೆಯ ಮೇಲೆ ಬೇರೆ ಯಾರೂ ನಮ್ಮ ಕಡೆ ಬರಲಿಲ್ಲ. ಪ್ರಭು ಮದುವೆಗೆ ಮೊದಲು ಒಬ್ಬರೇ ಆಡುತ್ತಿದ್ದರಂತೆ.

ಫೆಬ್ರುವರಿ ೮, ರವಿವಾರ

ಇವತ್ತೇ ಬರೆದಿಡುತ್ತೇನೆ.

ಏಳನೆಯ ಕುಳಿ. ನಮ್ಮ ಮುಂದೆ ಅಕ್ಕ ಮತ್ತು ಸಿದ್ದಾರ್ಥ ಸರ್ ಆಡುತ್ತಿದ್ದರು. ಪ್ರಭು ಯಾರದೋ ಬೆನ್ನಿಗೇ ಆಡಬೇಕಾಗಿ ಬಂದದ್ದು ಇವತ್ತೇ ಮೊದಲು. ನಾವು ತಡವಾಗಿ ಹೋಗಿ ನೇರ ಆರನೆಯ ಕುಳಿಯಿಂದ ಶುರು ಮಾಡಿದ್ದೆವು. ಅವರಿಬ್ಬರೂ ಆಡಿ ಮುಗಿಸಿದರು. ಸಿದ್ದಾರ್ಥ ಸರ್ ಮುಂದಿನ ಕುಳಿಯ ಕಡೆ ಹೋದರು. ಅಕ್ಕ ಹಿಂದುಳಿದು ಚಾಪೆ ಎಳೆಯುತ್ತಿದ್ದರು. ನಮಗಾಗಿ. ಹಿಂದೆ ಇದ್ದವರು ನಾವೇ ತಾನೇ.

ಪ್ರಭು ಮಣ್ಣು ಬಿಟ್ಟು ನೋಡಿದರು, ಅದು ನೆಟ್ಟಗೆ ಅವರ ಬೂಟಿನ ಮೇಲೆ ಬಿತ್ತು. ಕುಳಿಯ ಬಾವುಟ ಕೋಲಿಗೆ ಒದ್ದೆ ಬಟ್ಟೆಯ ಹಾಗೆ ಅಂಟಿಕೊಂಡಿತ್ತು. ಒಂದು ಎಲೆ ಅಲುಗುತ್ತಿರಲಿಲ್ಲ.

"ಏನ್ ಮಾಡಾಕತ್ತಾಳ ಆಕಿ? ರಂಗೋಲಿ ಹಾಕಾಕತ್ತಾಳೇನು?" ಅಂದರು.

ಹೊಡೆದರು. ಚೆಂಡು ಎಲ್ಲಿಗೆ ಹೋಗುತ್ತಿದೆಯೆಂದು ಇಬ್ಬರಿಗೂ ಕಾಣುತ್ತಿತ್ತು. ಪ್ರಭು ಏನೂ ಕೂಗಲಿಲ್ಲ. ಕೋಲನ್ನು ಹಾಗೇ ಮೇಲೆ ಹಿಡಿದು, ಫೋಟೊಗೆ ನಿಂತವರ ಹಾಗೆ, ನೋಡುತ್ತಿದ್ದರು. ನಾನು ಕೂಗಬಹುದಿತ್ತು. ಅವರ ಆಟದಲ್ಲಿ ನಾನು ಹೇಗೆ ಕೂಗುವುದು ಎಂದು ಆ ಒಂದು ಕ್ಷಣ ಅನ್ನಿಸಿತು. ಅಷ್ಟೇ ಕ್ಷಣ ಇದ್ದದ್ದು. ಅಷ್ಟು ಸದ್ದಿಲ್ಲದ ಬೆಳಗು ಅದು, ಚೆಂಡು ಅಕ್ಕನ ಮುಖಕ್ಕೆ ಬಡಿದದ್ದು ನಾವು ನಿಂತಲ್ಲಿಗೇ ಕೇಳಿಸಿತು.

ಬಲಗಣ್ಣು. ಅಕ್ಕ ಹಗ್ಗ ಬಿಡಲಿಲ್ಲ, ಹಗ್ಗ ಹಿಡಿದೇ ಕೂತುಬಿಟ್ಟರು.

ಫೆಬ್ರುವರಿ ೯, ಸೋಮವಾರ

ಅಕ್ಕನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದಿದ್ದಾರೆ. ಪ್ರಭು ಆಫೀಸಿಗೆ ಹೋದರು. ಊಟ ಸೇರಲಿಲ್ಲ, ನನಗೆ.

ಫೆಬ್ರುವರಿ ೧೩, ಶುಕ್ರವಾರ

ಅಕ್ಕ ಬಾಗಲಕೋಟೆಗೆ ಬಂದಿದ್ದಾರೆಂದು ತಿಳಿದು ಒಬ್ಬಳೇ ಆಟೊ ಹಿಡಿದು ಅವರ ಮನೆಗೆ ಹೋದೆ. ಇಳಕಲ್ಲಿಗೆ ಹೋಗುವ ಗೆಳತಿಗೆ ಸೀರೆ ಕೊಡಬೇಕೆಂದು ಮನೆಯಲ್ಲಿ ಸುಳ್ಳು ಹೇಳಿದೆ.

ಅರ್ಧ ಮುಖಕ್ಕೆ ಪಟ್ಟಿ. ಆ ಕಣ್ಣಿನಲ್ಲಿ ಇನ್ನು ಮೇಲೆ ಬೆಳಕು ಕತ್ತಲು ಮಾತ್ರ ಗೊತ್ತಾಗಬಹುದು, ಅಕ್ಷರ ಕಾಣುವುದಿಲ್ಲ ಎಂದಿದ್ದಾರಂತೆ. ಲ್ಯಾಬಿನ ಕೆಲಸದ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಕಂಪನಿಯವರು ಕ್ಲಬ್ಬಿಗೆ ವಿಚಾರಣೆ ಮಾಡಲು ಹೇಳಿದ್ದಾರೆ. ಪ್ರಭು ಬರೆದು ಕೊಟ್ಟಿದ್ದಾರಂತೆ: ನಾನು 'ಹುಷಾರ್' ಎಂದು ಕೂಗಿದೆ, ಅವರು ಬ್ರೌನಿನ ಮೇಲೆ ಬೇಕಿಲ್ಲದೆ ನಿಧಾನ ಮಾಡುತ್ತಿದ್ದರು, ಸರಿಯಲಿಲ್ಲ. ನನಗೆ ಇದು ಗೊತ್ತಿರಲಿಲ್ಲ.

"ನಾ ನಿಧಾನ ಮಾಡಿದ್ನಂತ, ಶ್ರುತಿ. ಪ್ರಭು ಅವರು ಹೇಳ್ತಾರ" ಎಂದು ಅಕ್ಕ ನಕ್ಕರು. ನಗುವಾಗ ನೋವಾಗಿ ಕೆನ್ನೆ ಹಿಡಿದುಕೊಂಡರು. "ನನಗ ಬ್ಯಾರೆ ಏನೂ ಬ್ಯಾಡ. ಕೂಗಲಿಲ್ಲ ಅಂತ ಅಷ್ಟು ಹೇಳಿಬಿಡಲಿ. ನನ್ನ ತಪ್ಪು ಅಂತ ಇರಬಾರದು. ನೀ ಬಾಜೂಕ ಇದ್ದಿ. ನಿನ್ನನ್ನೂ ಕೇಳ್ತಾರ."

ಕೇಳಿದರೆ ಇದ್ದದ್ದನ್ನೇ ಹೇಳುತ್ತೇನೆ ಅಂದೆ. ಅವರ ಕೈ ಹಿಡಿದು ಹೇಳಿದೆ.

ಫೆಬ್ರುವರಿ ೧೮, ಬುಧವಾರ

ಪ್ರಭು ಒಂದು ವಾರದಿಂದ ನನ್ನ ಜೊತೆ ಮಾತಾಡಿಲ್ಲ. ಇವತ್ತು ಮಾತಾಡಿದರು. ಬೈಯಲಿಲ್ಲ, ಮೆತ್ತಗೆ ಮಾತಾಡಿದರು. ತಾವು ಕೂಗಿದ್ದು ತಮಗೆ ಚೆನ್ನಾಗಿ ನೆನಪಿದೆಯಂತೆ. ನೀನು ಹೆದರಿದ್ದೆ, ನಿನಗೆ ಕೇಳಿಸಿರಲಿಕ್ಕಿಲ್ಲ ಅಂದರು. ದೂರು ಸಾಬೀತಾದರೆ ಕ್ವಾರ್ಟರ್ಸು ಹೋಗುತ್ತದೆ, ಮುಂದಿನ ಪ್ರಮೋಷನ್ನೂ ಹೋಗುತ್ತದೆ. "ಜೀವನಪೂರ್ತಿ ಇದ ಅಡಗಿಮನ್ಯಾಗ ಇರ್ತೇನಂದ್ರ, ನಿನ್ನ ಮರ್ಜಿ" ಅಂದರು.

ಸಂಜೆ ರೊಟ್ಟಿ ಮಾಡುವಾಗ ಅತ್ತೆ ಪಕ್ಕದಲ್ಲಿ ಕೂತರು. ಎಂದೂ ಕೂರದವರು. ಸುಟ್ಟ ರೊಟ್ಟಿಯನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟರು.

"ಅಂವ ಕೂಗಿರ್ತಾನ, ನೀ ಕೇಳಿರ್ತಿ. ಇಷ್ಟರಾಗ ಏನ್ ಕಷ್ಟ ಐತಿ?"

ನಾನು ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡೆ.

"ಇವರಪ್ಪನ ಸಲುವಾಗಿ ನಾ ಏನೇನು ಕೇಳೇನಿ, ಏನೇನು ನೋಡೇನಿ. ಅದರಾಗ ಒಂದೂ ಆಗಿರಲಿಲ್ಲ. ಮನಿ ನಿಂತೈತಿಲ್ಲ?" ಅಂದರು. ಆಮೇಲೆ ತಾವೇ ಎರಡು ರೊಟ್ಟಿ ಬಡಿದು ಕೊಟ್ಟು ಎದ್ದು ಹೋದರು.

ಯೋಚಿಸುತ್ತ ಮಲಗಿದ್ದೆ. ಆ ದಿನ ಸ್ವಲ್ಪ ಗಾಳಿ ಇದ್ದರೂ ಇರಬಹುದು. ಗಾಳಿ ಇದ್ದರೆ ಮಾತು ಅತ್ತ ಹಾರಿಹೋಗುತ್ತದೆ. ಅವರ ಬಾಯಿ ಅಲುಗಿದ ಹಾಗೆ ನೆನಪು. ನಾನು ಚೆಂಡನ್ನೇ ನೋಡುತ್ತಿದ್ದೆನಲ್ಲ.

ಫೆಬ್ರುವರಿ ೨೨, ರವಿವಾರ

ವಿಚಾರಣೆ ಆಯಿತು. ಕ್ಲಬ್ಬಿನ ಒಳಕೋಣೆ. ಲಾಡಸಾಬ ಸರ್, ಕಂಪನಿಯ ಸುರಕ್ಷತಾ ಅಧಿಕಾರಿ, ನಾವಿಬ್ಬರು, ಸಿದ್ದಾರ್ಥ ಸರ್. ಗೀತಾಂಜಲಿ ಮೇಡಂ ಬಂದಿರಲಿಲ್ಲ, ಡಾಕ್ಟರ್ ಬೇಡವೆಂದಿದ್ದರಂತೆ.

ಯಾವ ಕೂಗೂ ಕೇಳಲಿಲ್ಲವೆಂದು ಸಿದ್ದಾರ್ಥ ಸರ್ ಹೇಳಿದರು. ಅವರು ದೂರ ಹೋಗಿದ್ದರಲ್ಲ ಎಂದು ಅಧಿಕಾರಿ ಬರೆದುಕೊಂಡರು. ಆಮೇಲೆ ಲಾಡಸಾಬ ಸರ್ ನನ್ನ ಕಡೆ ತಿರುಗಿದರು.

"ತಾಯಿ, ನೀ ಬಾಜೂಕ ಇದ್ದಿ. ಪ್ರಭು 'ಹುಷಾರ್' ಅಂದ್ರೇನು?"

"ಅಂದ್ರ್ರಿ."

"ನಿನಗ ಕೇಳಿಸ್ತು?"

"ಕೇಳಿಸ್ತ್ರಿ. ಗಾಳಿ ಇತ್ತು, ಆದ್ರೂ ಕೇಳಿಸ್ತು."

ಸಿದ್ದಾರ್ಥ ಸರ್ ನನ್ನನ್ನೇ ನೋಡುತ್ತಿದ್ದರು. "ಮೂರು ವರ್ಷ ಆತು ಇವರು ಆಡೂ ಮೈದಾನದಾಗ ನಾನೂ ಆಡಾಕತ್ತು. ಒಮ್ಮೆಯೂ ಇವರು ಕೂಗಿದ್ದು ನಾ ಕೇಳಿಲ್ಲ. ದನಿ ಹೆಂಗಿತ್ತು ಅನ್ನೂದರ ಹೇಳ್ರಿ" ಅಂದರು.

"ನನ್ನ ಗಂಡನ ದನಿ ನನಗ ಗುರ್ತು ಹತ್ತೂದಿಲ್ಲೇನು?" ಅಂದೆ. ಎಷ್ಟು ಸರಾಗವಾಗಿ ಬಂತು ಆ ಮಾತು. ಹೊರಗೆ ಬಂದ ಮೇಲೆ ಮನೆಯವರು ನನ್ನ ಬೆನ್ನಿನ ಮೇಲೆ ಕೈಯಿಟ್ಟರು. ಎಲ್ಲರೆದುರು, ಮೊದಲ ಸಲ.

ಲಾಡಸಾಬ ಸರ್ ನಮಗೆ ಚಹಾ ಹೇಳಲಿಲ್ಲ.

ಮಾರ್ಚ್ ೪, ಬುಧವಾರ

ತೀರ್ಮಾನ ಬಂತು. ಅದು ಆಕಸ್ಮಿಕ, ಯಾರ ಮೇಲೂ ಕ್ರಮವಿಲ್ಲ. ಆಟಗಾರರು ಬ್ರೌನಿನ ಮೇಲೆ ಅನಗತ್ಯ ನಿಧಾನ ಮಾಡಬಾರದು ಎಂದು ಹೊಸ ನಿಯಮ ಮಾಡಿ ಬೋರ್ಡಿಗೆ ಹಚ್ಚಿದ್ದಾರೆ. ಹಿಂದೆ ಯಾರಾದರೂ ಕಾಯುತ್ತಿದ್ದರೆ ಚಾಪೆ ಎಳೆಯಕೂಡದು. ಒಳ್ಳೆಯದೇ ಆಯಿತು. ಲಾಡಸಾಬರು ಕ್ಯಾಪ್ಟನ್ ಸ್ಥಾನ ಬಿಟ್ಟರಂತೆ, ವಯಸ್ಸಾಯಿತು ಅವರಿಗೂ.

ಮಾರ್ಚ್ ೧೯, ಗುರುವಾರ. ಕಾಲನಿ

ಯುಗಾದಿಯ ದಿನವೇ ಹಾಲು ಉಕ್ಕಿಸಿದೆವು. ನನ್ನ ಮನೆ. ನನ್ನ ಅಡುಗೆಮನೆ. ನನ್ನ ಕಪ್ಪು. ಕಿಟಕಿ ನಿಜವಾಗಿಯೂ ದೊಡ್ಡದು, ಅದರಾಚೆ ಮೈದಾನ. ಇಷ್ಟೊಂದು ಕಿಟಕಿಗಳಿರುವ ಕಾಲನಿಯಲ್ಲಿ ನಮ್ಮ ಕಿಟಕಿಗೆ ಕಾಣುವುದು ಏಳನೆಯ ಬ್ರೌನ್.

ಖಣದ ಪರದೆ ಹಾಕಿದೆ. ತುಂಬ ಚೆನ್ನಾಗಿ ಒಪ್ಪುತ್ತದೆ. ತೆರೆದಿಟ್ಟರೆ ಧೂಳು ಬರುತ್ತದೆ, ಮುಚ್ಚಿದರೇ ಚಂದ.

ಸಾಮಾನು ಬಿಚ್ಚುವಾಗ ಧಾರೆ ಸೀರೆಯೊಳಗಿಂದ ಆ ಕೈಗವಸು ಬಿತ್ತು. ಹೊರಗೆ ಚಪ್ಪಲಿಯ ಗೂಡಿನಲ್ಲಿಟ್ಟೆ. ಸೀರೆಗೆ ಅದರ ವಾಸನೆ ಹಿಡಿದಿತ್ತು, ಬಿಸಿಲಿಗೆ ಹಾಕಿದ್ದೇನೆ.

ಏಪ್ರಿಲ್ ೧೦, ಶುಕ್ರವಾರ

ಅವ್ವನನ್ನು ನೋಡಲು ಇಳಕಲ್ಲಿಗೆ ಹೋಗುವಾಗ ಕಮತಗಿಯಲ್ಲಿ ಬಸ್ಸು ನಿಂತಿತು. ನೀರಿನ ಬಾಟಲಿಗೆ ಇಳಿದರೆ ಅಂಗಡಿಯ ಮುಂದೆ ಲ್ಯಾಬಿನ ಆ ಮೇಡಂ ನಿಂತಿದ್ದರು. ಕಪ್ಪು ಕನ್ನಡಕ. ಅವರನ್ನು ಈಗ ಸ್ಟೋರಿಗೆ ಹಾಕಿದ್ದಾರಂತೆ, ಗೋಣಿಚೀಲದ ಲೆಕ್ಕಕ್ಕೆ. ನಾನು ಅವರ ಬಲಗಡೆ ಇದ್ದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಬಾಟಲಿ ತೆಗೆದುಕೊಂಡೆ, ದುಡ್ಡು ಕೊಟ್ಟೆ. ಅವರು ಮಾತಾಡಿಸಲೇ ಇಲ್ಲ. ನೋಡಿಯೂ ನೋಡದ ಹಾಗೆ ನಿಂತರು. ನಾನು ಎಡಗಡೆಗೆ ಹೋಗಿ ನಿಲ್ಲಬಹುದಿತ್ತು. ಆದರೆ ಡ್ರೈವರ್ ಹಾರ್ನ್ ಹೊಡೆದ.

ಎಷ್ಟು ಸೊಕ್ಕು ಜನಕ್ಕೆ.

ಏಪ್ರಿಲ್ ೨೬, ರವಿವಾರ

ಅತ್ತೆ ನಾಲ್ಕು ದಿನಕ್ಕೆ ಇರಲು ಬಂದಿದ್ದಾರೆ. ಮನೆಯವರು ಬೆಳಿಗ್ಗೆ ಬೇಗ ಆಡಲು ಹೋದರು. ನಾನು ಈಗ ಹೋಗುವುದಿಲ್ಲ, ಬಿಸಿಲು. ವಿಚಾರಣೆಯಾದಾಗಿನಿಂದ ಅವರು ಪ್ರತಿ ಕುಳಿಗೂ ಕೂಗಿಯೇ ಹೊಡೆಯುತ್ತಾರಂತೆ, ಮುಂದೆ ಯಾರೂ ಇಲ್ಲದಿದ್ದರೂ. ಯಾರೂ ಬೆರಳು ತೋರಿಸಬಾರದು ನೋಡು, ಎಂದು ಹೇಳಿದ್ದರು.

ರೊಟ್ಟಿ ಮಾಡುತ್ತಿದ್ದೆ. ಅತ್ತೆ ಸೆಕೆಯೆಂದು ಪರದೆ ಸರಿಸಿದರು. ಏಳನೆಯ ಬ್ರೌನಿನ ತುಂಬ ಹೆಜ್ಜೆಗಳು, ಒಂದರ ಮೇಲೊಂದು, ದನ ಹಾದುಹೋದ ಹಾಗೆ. ಚಾಪೆ ಬಿಸಿಲಿಗೆ ಸುರುಳಿ ಸುತ್ತಿಕೊಂಡು ಬದಿಗೆ ಬಿದ್ದಿತ್ತು. ಗಾಳಿ ಇರಲಿಲ್ಲ.

ಆಗ ದೂರದಿಂದ ಯಾರೋ 'ಹುಷಾರ್' ಎಂದು ಕೂಗಿದರು. ಒಡಕು ದನಿ, ಸಣ್ಣದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಎಂದೂ ಕೇಳಿದ ದನಿಯಲ್ಲ. ಇದ್ಯಾರು ಹೊಸ ಮೆಂಬರ್ ಬಂದರು ಎಂದು ನಾನು ಹಂಚಿನ ಮುಂದಿನಿಂದ ಎದ್ದು ಕಿಟಕಿಗೆ ಬಂದೆ.

ಅತ್ತೆ ನನ್ನ ಮುಖ ನೋಡಿದರು. ಸುಮಾರು ಹೊತ್ತು ನೋಡಿದರು.

"ನಿನ್ನ ಗಂಡನ ದನಿ ಐತಿ ಅದು. ಗುರ್ತು ಹತ್ತಲಿಲ್ಲೇನು?"

ಕುಕ್ಕರ್ ಕೂಗುತ್ತಿತ್ತು, ಅದಕ್ಕೆ ಇರಬೇಕು. ರೊಟ್ಟಿ ಹೊತ್ತಿತು. ಪರದೆ ಎಳೆದು ಬಂದು ಇನ್ನೊಂದು ಬಡಿದೆ. ಆ ದಿನ ಮಾತ್ರ ಅಷ್ಟು ಗಾಳಿಯಲ್ಲೂ ತಕ್ಷಣ ಗುರುತು ಹತ್ತಿತ್ತು.